ಎರಡನೆಯ ಬ್ಯಾಟರಿ

ಜೂನ್ 5, 2006, ಸೋಮವಾರ

ಸೂಪರ್‌ವೈಸರ್ ಮಾಡುತ್ತೇನೆ ಎಂದು ಯುಗಾದಿಯಿಂದ ಆಸೆ ತೋರಿಸಿ ಇವತ್ತು ನನ್ನ ಕೈಗೆ ಒಂದು ಕ್ಯಾಮೆರಾ ಕೊಟ್ಟರು. ಮೂರು ವರ್ಷದಿಂದ ಈ ಅಂಗಿ ಹೊಲಿಯುವ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡಿವೆ. ಅದಕ್ಕೆ ಬಹುಮಾನ ಇದು.

ಮ್ಯಾನೇಜರ್ ವೆಂಕಟಗಿರಿ ತಮ್ಮ ಗಾಜಿನ ರೂಮಿಗೆ ಕರೆದು, "ಬಿಂದುಶ್ರೀ, ಕಂಪ್ಯೂಟರ್ ಕಲ್ತಿರೋಳು ಈ ಫ್ಲೋರಲ್ಲಿ ನೀನೊಬ್ಳೇ ಕಣಮ್ಮ. ಇನ್ಮೇಲೆ ಡ್ಯಾಮೇಜ್ ಪೀಸ್ ಎಲ್ಲಾ ಫೋಟೋ ತೆಗ್ದು ಬೈಯರ್‌ಗೆ ಮೇಲ್ ಮಾಡೋದು ನಿನ್ ಜವಾಬ್ದಾರಿ" ಎಂದರು. ಡಬ್ಬಿಯನ್ನು ಅವರೇ ಬಿಚ್ಚಿ ಇಟ್ಟಿದ್ದರು. ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ, ಒಂದು ಬ್ಯಾಟರಿ, ಚಾರ್ಜರ್, ಕೈಗೆ ಹಾಕಿಕೊಳ್ಳುವ ದಾರ, ಎರಡು ವೈರು, ಒಂದು ಸಿ.ಡಿ., ಇಂಗ್ಲಿಷಿನ ಪುಸ್ತಕ. ಸ್ವಿಚ್ ಒತ್ತಿದರೆ ಮೂತಿ ಮುಂದಕ್ಕೆ ಬರುತ್ತದೆ. ಅದೇ ಜೂಮ್ ಅಂತೆ.

"ಬಿಲ್ಲಲ್ಲಿರೋದೆಲ್ಲಾ ಮುಟ್ಟಿದೆ ಅಂತ ರಿಜಿಸ್ಟರಲ್ಲಿ ಸೈನ್ ಹಾಕು" ಎಂದರು. ಹಾಕಿದೆ. ಬಿಲ್ಲು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ಕ್ಯಾಮೆರಾವನ್ನು ಅವರ ಬೀರುವಿಗೆ ಒಪ್ಪಿಸಬೇಕು, ಬೆಳಿಗ್ಗೆ ಅವರಿಂದಲೇ ತೆಗೆದುಕೊಳ್ಳಬೇಕು. ಚಾರ್ಜರ್ ಮಾತ್ರ ನನ್ನ ಟೇಬಲ್ಲಿನಲ್ಲಿ.

ಮನೆಗೆ ಬಂದು ಹೇಳಿದರೆ ಅಮ್ಮ, "ಫೋಟೋ ತೆಗ್ಯಾಕೆ ಅಷ್ಟು ದೂರ ಹೋಗ್ಬೇಕೇನೇ? ಹೇರೋಹಳ್ಳೀಲಿ ಈ ಅಕ್ಕಯ್ಯಮ್ಮನ ಮಗಳು ಅಂದ್ರೆ ಒಂದ್ ಮರ್ಯಾದೆ ಐತೆ, ಅದುನ್ ಬುಟ್ಟು ಗಾರ್ಮೆಂಟ್ಸು" ಎಂದಳು. ಮರ್ಯಾದೆ ಇದ್ದದ್ದು ಹೊಲ ಇದ್ದಾಗ. ಹೊಲವೆಲ್ಲ ಸೈಟಾಗಿ, ಸೈಟೆಲ್ಲ ದೊಡ್ಡಪ್ಪನ ಮಕ್ಕಳ ಪಾಲಾಗಿ, ನಮಗೆ ಉಳಿದದ್ದು ಈ ಎರಡು ಕೋಣೆ ಮತ್ತು ಅಮ್ಮನ ಬಾಯಿ. ಹಾಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಜೂನ್ 12, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಕಾಲರ್ ಸೊಟ್ಟಗಿದ್ದ ಇಪ್ಪತ್ತು ಪೀಸಿನ ಫೋಟೋ ಅರ್ಜೆಂಟಾಗಿ ಬೇಕಿತ್ತು. ಕ್ಯಾಮೆರಾ ಆನ್ ಮಾಡಿದರೆ ಕೆಂಪು ಬ್ಯಾಟರಿ ಗುರುತು ಎರಡು ಸಲ ಮಿನುಗಿ, ಮೂತಿ ಒಳಗೆ ಸೇರಿಸಿಕೊಂಡು ಸುಮ್ಮನಾಯಿತು. ಶನಿವಾರ ಸಂಜೆ ಪೂರ್ತಿ ಚಾರ್ಜ್ ಮಾಡಿ ಕೊಟ್ಟಿದ್ದೆ! ಎರಡು ಗಂಟೆ ಚಾರ್ಜಿಗೆ ಹಾಕಿ ಕಾದೆ. ಅಷ್ಟರಲ್ಲಿ ಅಂಗಿ ಕೊಳ್ಳುವ ಬೈಯರ್ ಕಡೆಯಿಂದ ಎರಡು ಫೋನು.

ವೆಂಕಟಗಿರಿ ಫ್ಲೋರಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ, "ಆಫ್ ಮಾಡೋದ್ ಮರ್ತಿದೀಯ. ಸಣ್ಣ ಮಕ್ಕಳಿಗೆ ಆಟದ ಸಾಮಾನು ಕೊಟ್ಟಂಗಾಯ್ತು" ಎಂದರು. ಹೊಲಿಗೆ ಲೈನಿನ ಹೆಂಗಸರು ತಲೆ ಬಗ್ಗಿಸಿ ನಕ್ಕರು. ಬಿಜಾಪುರ, ಬಾಗಲಕೋಟೆ ಕಡೆಯಿಂದ ಗುಳೆ ಬಂದವರು; ನಗುವುದಕ್ಕೆ ನಾನೇ ಸಿಕ್ಕಿದ್ದು.

ನಾನು ಆಫ್ ಮಾಡಿದ್ದೆ. ದೇವರಾಣೆ ಮಾಡಿದ್ದೆ.

ಜೂನ್ 14, ಬುಧವಾರ

ಪುಸ್ತಕವನ್ನು ಮನೆಗೆ ತಂದು ಡಿಕ್ಷನರಿ ಇಟ್ಟುಕೊಂಡು ಓದಿದೆ. ಪೂರ್ತಿ ಚಾರ್ಜಿಗೆ ಇನ್ನೂರು ಫೋಟೋ ಬರಬೇಕಂತೆ. ಫ್ಲ್ಯಾಶ್ ಬಳಸಿದರೆ ಕಡಿಮೆ, ಜೂಮ್ ಹಿಂದೆ ಮುಂದೆ ಮಾಡಿದರೆ ಕಡಿಮೆ, ಹಿಂದಿನ ಪರದೆ ಆರಿಸಿ ಮೇಲಿನ ಕಿಂಡಿಯಿಂದ ನೋಡಿದರೆ ಜಾಸ್ತಿ. ಇವತ್ತೆಲ್ಲ ಕಿಂಡಿಯಲ್ಲೇ ನೋಡಿ ತೆಗೆದೆ. ಒಂದು ಕಣ್ಣು ಮುಚ್ಚಿ ಮುಚ್ಚಿ ತಲೆನೋವು. ಆದರೆ ಬ್ಯಾಟರಿ ಸಂಜೆಯವರೆಗೂ ಒಂದು ಗೆರೆ ಕೂಡ ಇಳಿಯಲಿಲ್ಲ. ತಪ್ಪು ನನ್ನದಲ್ಲ ಎಂದು ನನಗೆ ಗೊತ್ತಾಯಿತು. ಯಾರಿಗೆ ಹೇಳಲಿ?

ಮೊದಲ ದಿನದಿಂದಲೂ ತೆಗೆದ ಪ್ರತಿ ಫೋಟೋದ ನಂಬರನ್ನು ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಾಳೆ ಅದೂ ನನ್ನ ತಪ್ಪು ಎಂದಾರು.

ಜೂನ್ 19, ಸೋಮವಾರ

ಮತ್ತೆ ಸೋಮವಾರ, ಮತ್ತೆ ಖಾಲಿ ಬ್ಯಾಟರಿ, ಮತ್ತೆ ಬೈಗುಳ. ಈ ಸಲ "ಮನೆಗ್ ತಗೊಂಡ್ ಹೋಗ್ತೀಯೇನು?" ಎಂದೂ ಕೇಳಿದರು. ಶನಿವಾರ ಸಂಜೆ ತಮ್ಮ ಕೈಯಾರೆ ಬೀರುವಿಗೆ ಇಟ್ಟು ಬೀಗ ಹಾಕಿದವರು ಯಾರು? ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಸೂಪರ್‌ವೈಸರ್ ಆಸೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಕರೆದು ಧ್ವನಿ ತಗ್ಗಿಸಿ ಮಾತಾಡಿದರು. "ನೋಡಮ್ಮ, ಈ ಜೂಮ್ ಇರೋದು ಬರೀ ಬಟ್ಟೆಗಲ್ಲ. ಮೂರನೇ ಲೈನ್ ಟಾರ್ಗೆಟ್ ಮುಟ್ತಾನೇ ಇಲ್ಲ. ಯಾರ್ ಯಾರು ಸೀಟ್ ಬಿಟ್ಟು ಎದ್ದು ಹೋಗ್ತಾರೆ, ಎಷ್ಟೊತ್ತು ಹೋಗ್ತಾರೆ, ನಿನ್ ಟೇಬಲ್ ಹತ್ರಾನೇ ನಿಂತ್ಕೊಂಡು ಟೈಮ್ ಬರೋ ಹಂಗೆ ತೆಗಿ. ಮುಂದಿನ ತಿಂಗಳು ಸೂಪರ್‌ವೈಸರ್ ಲಿಸ್ಟ್ ಹೆಡ್ ಆಫೀಸಿಗೆ ಹೋಗ್ತದೆ."

ಆಯಿತು ಸಾರ್ ಎಂದೆ. ಕೆಲಸ ಮಾಡುವವರು ಮಾಡಲಿ, ಮಾಡದವರು ಸಿಕ್ಕಿಬೀಳಲಿ. ನನಗೇನು?

ಜೂನ್ 22, ಗುರುವಾರ

ಮೂರನೇ ಲೈನಿನ ದಾನಮ್ಮ ಎಂಬ ಟೈಲರ್ ಇವತ್ತು ಸಿಕ್ಕಿದಳು. ಇಪ್ಪತ್ತೈದು ವರ್ಷವಿರಬಹುದು, ಸಣಕಲು, ಕಾಲರ್ ಹೊಲಿಯುತ್ತಾಳೆ. 371ನೇ ಫೋಟೋದಲ್ಲಿ 11.42ಕ್ಕೆ ಅವಳ ಸೀಟು ಖಾಲಿ. 372ರಲ್ಲಿ ಟಾಯ್ಲೆಟ್ಟಿನ ಬಾಗಿಲ ಹತ್ತಿರ ಗೋಡೆಗೆ ಕೈ ಊರಿ ನಿಂತಿದ್ದಾಳೆ. 373ರಲ್ಲಿ 11.58, ಮೆಷಿನ್ನಿಗೆ ವಾಪಸ್ಸು ಬರುತ್ತಿದ್ದಾಳೆ. ಹದಿನಾರು ನಿಮಿಷ. ಕೈಯಲ್ಲಿ ಟೋಕನ್ನೂ ಇಲ್ಲ. ಲೈನಿಗೆ ಒಂದೇ ಟೋಕನ್, ಅದಿಲ್ಲದೆ ಟಾಯ್ಲೆಟ್ಟಿಗೆ ಹೋಗುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿಲ್ಲವೆ?

ವೆಂಕಟಗಿರಿ ಫೋಟೋ ನೋಡಿ, "ಶಾರ್ಪ್ ಆಗಿ ಬಂದಿದೆ" ಎಂದರು.

ಜೂನ್ 23, ಶುಕ್ರವಾರ

ದಾನಮ್ಮನನ್ನು ಕೆಲಸದಿಂದ ತೆಗೆದು ಬೆಳಿಗ್ಗೆಯೇ ಗೇಟಿನಿಂದ ವಾಪಸ್ಸು ಕಳಿಸಿದರು. ಫೋಟೋಗಳನ್ನು ಪ್ರಿಂಟ್ ಹಾಕಿಸಿ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದಾರೆ, ಮಿಕ್ಕವರಿಗೆ ಪಾಠವಾಗಲಿ ಎಂದು. ಬೋರ್ಡಿಗೆ ಹಾಕುತ್ತಾರೆಂದು ನನಗೆ ಹೇಳಿರಲಿಲ್ಲ.

ಊಟದ ಹೊತ್ತಿಗೆ ಭಾಗವ್ವ ಎಂಬ ಹೆಂಗಸು ನೇರ ನನ್ನ ಟೇಬಲ್ಲಿಗೆ ಬಂದಳು. ದಾನಮ್ಮನ ಪಕ್ಕದ ಮೆಷಿನ್ನಿನವಳು, ನಲವತ್ತು ದಾಟಿದೆ, ಹಣೆಯ ತುಂಬ ಕುಂಕುಮ, ಜೋರು ಬಾಯಿ. "ಏನ್ರಿ ಮೇಡಮ್ಮಾರ, ಹೆಂಗಸ್ರು ಉಚ್ಚಿ ಹೊಯ್ಯಾಕ ಹೋದ್ರೂ ಫೋಟೋ ತಗೀತೀರೇನ್ರಿ? ಆಕಿಗೆ ಎಂಟ್ ದಿನದಿಂದ ಉರಿಮೂತ್ರ. ಟೋಕನ್ ಕೇಳಿದ್ರ ಬ್ಯಾರೆಯವ್ರ ಕಡೆ ಐತಿ ಅಂದ್ರು. ಸೀಟಿನ್ಯಾಗ ಮಾಡ್ಕೋಬೇಕಿತ್ತೇನ್ರಿ ಆಕಿ?"

"ನನಗೆ ಹೇಳಿದ್ದನ್ನ ನಾನ್ ಮಾಡಿದೀನಿ. ನನ್ನ ಮೇಲೆ ಯಾಕ್ ರೇಗಾಡ್ತೀಯ? ಹೋಗಿ ಸಾರ್‌ನ ಕೇಳು" ಎಂದೆ.

"ಸಾಹೇಬ್ರ ಕೈಯಾಗ ಕ್ಯಾಮೆರಾ ಇದ್ದಿದ್ದಿಲ್ರಿ" ಎಂದು ಹೋದಳು.

ಎಲ್ಲರೆದುರಿಗೆ! ಮನೆಗೆ ಬಂದರೂ ಕಿವಿ ಬಿಸಿಯಾಗೇ ಇದೆ. ದಾನಮ್ಮ ಮೊದಲೇ ಬಾಯಿಬಿಟ್ಟು ಹೇಳಿದ್ದರೆ ನಾನು ತೆಗೆಯುತ್ತಿರಲಿಲ್ಲ. ಹೇಳದೇ ಇದ್ದದ್ದು ಅವಳ ತಪ್ಪು.

ನಾಲ್ಕು ಸಲ ಇದೇ ಮಾತನ್ನು ಅಮ್ಮನಿಗೆ ಹೇಳಿದೆನಂತೆ. ಐದನೇ ಸಲಕ್ಕೆ ಅಮ್ಮ, "ಸುಮ್ಕೆ ಉಣ್ಕೊಳ್ಳೇ, ಮುದ್ದೆ ಆರೋಯ್ತದೆ" ಎಂದಳು.

ಜೂನ್ 27, ಮಂಗಳವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹೆಡ್ ಆಫೀಸಿನಿಂದ ಸಾಮಾನು ತಾಳೆ ನೋಡುವವರು ಬಂದಿದ್ದರು. ಕುರ್ಚಿ ಎಣಿಸಿದರು, ಫ್ಯಾನ್ ಎಣಿಸಿದರು, ಆಮೇಲೆ ಕ್ಯಾಮೆರಾದ ಬಿಲ್ಲು ತೆಗೆದರು. ಅದರಲ್ಲಿ ಅಂಗಡಿಯವರ ಆಫರ್ ಎಂದು ಇನ್ನೆರಡು ಸಾಮಾನು ಬರೆದಿತ್ತು. ಒಂದು ಹೆಚ್ಚುವರಿ ಬ್ಯಾಟರಿ, ಒಂದು ಚರ್ಮದ ಪೌಚ್. ಎಲ್ಲಿ ಎಂದು ಕೇಳಿದರು. ನಾನು ಕಂಡೇ ಇಲ್ಲ ಎಂದೆ. ವೆಂಕಟಗಿರಿ ರಿಜಿಸ್ಟರ್ ತಿರುಗಿಸಿ ನನ್ನ ಸೈನಿನ ಮೇಲೆ ಬೆರಳಿಟ್ಟರು.

"ಸಾರ್, ನೀವೇ ಡಬ್ಬಿ ಬಿಚ್ಚಿದ್ರಿ. ನನಗ್ ಕೊಟ್ಟಿದ್ದು ಒಂದೇ ಬ್ಯಾಟರಿ."

"ಹಾಗಾದ್ರೆ ನಾನ್ ತಗೊಂಡೆ ಅಂತೀಯ?"

ಗಾಜಿನ ರೂಮಿನಲ್ಲಿ ಮೂವರು ಗಂಡಸರು, ಹೊರಗಿನಿಂದ ಇಡೀ ಫ್ಲೋರು ನೋಡುತ್ತಿತ್ತು. "ಬ್ಯಾಗ್ ತೆಗಿ" ಎಂದರು. ತೆಗೆಯುವಷ್ಟು ಹೊತ್ತೂ ಕೊಡದೆ ಟೇಬಲ್ಲಿನ ಮೇಲೆ ಬೋರಲು ಹಾಕಿದರು. ಟಿಫನ್ ಡಬ್ಬಿ, ಬಸ್ ಪಾಸು, ಬಾಚಣಿಗೆ, ಆಮೇಲೆ ಪೇಪರಿನಲ್ಲಿ ಸುತ್ತಿಟ್ಟಿದ್ದ ಪ್ಯಾಡು. ಅದು ಉರುಳಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ನಾನೇ ಬಗ್ಗಿ ಎತ್ತಿಕೊಂಡೆ.

ಒಂದು ವಾರ ಟೈಮ್ ಕೊಟ್ಟಿದ್ದಾರೆ. ಬ್ಯಾಟರಿ, ಪೌಚ್ ತಂದಿಡದಿದ್ದರೆ ಪೊಲೀಸಿಗೆ ಬರೆದುಕೊಡುತ್ತಾರಂತೆ. ಕಳ್ಳಿ. ನಾನು ಕಳ್ಳಿ! ಇಷ್ಟು ಹೊತ್ತೂ ಒಂದು ತೊಟ್ಟು ಕಣ್ಣೀರು ಬಂದಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ.

ಹೊರಗೆ ಬರುವಾಗ ಭಾಗವ್ವ ಮೆಷಿನ್ ನಿಲ್ಲಿಸದೆಯೇ, "ಈಗ ತಿಳೀತೇನ್ರಿ?" ಎಂದಳು. ಅಷ್ಟೇ.

ಜೂನ್ 28, ಬುಧವಾರ

ಅಮ್ಮನಿಗೆ ಹೇಳಿಲ್ಲ. ಊಟ ಮಾಡಿಲ್ಲ. ಎಲ್ಲರೂ ಹಾಳಾಗಿ ಹೋಗಲಿ.

ಜೂನ್ 30, ಶುಕ್ರವಾರ

ನಿನ್ನೆಯಿಂದ ಗೇಟಿನಲ್ಲಿ ತಪಾಸಣೆ. ಸಾಯಂಕಾಲ ಐದೂವರೆಗೆ ಬೆಲ್ಲಾದ ಮೇಲೆ ಮುನ್ನೂರು ಹೆಂಗಸರು ಸಾಲಾಗಿ ನಿಲ್ಲಬೇಕು. ವಾಚ್‌ಮನ್ ರೂಮಿನ ಪಕ್ಕ ಹಳೆಯ ಬೆಡ್‌ಶೀಟೊಂದನ್ನು ಪರದೆ ಕಟ್ಟಿದ್ದಾರೆ. ಅದರ ಹಿಂದೆ ಗಾರ್ಡ್ ಅಂಜಮ್ಮ ಒಬ್ಬೊಬ್ಬರ ಸೆರಗು ತೆಗೆಸಿ, ಸೊಂಟ ಮುಟ್ಟಿ, ಟಿಫನ್ ಡಬ್ಬಿ ಮುಚ್ಚಳ ಬಿಚ್ಚಿ ನೋಡುತ್ತಾಳೆ. ಪಾಪ ಅವಳೂ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಮುಟ್ಟುತ್ತಾಳೆ. ಗಾಳಿ ಬಂದರೆ ಬೆಡ್‌ಶೀಟು ಹಾರುತ್ತದೆ. ಆಚೆ ಲಾರಿ ಲೋಡ್ ಮಾಡುವ ಗಂಡಸರು ನಿಂತಿರುತ್ತಾರೆ.

ಏನು ಕಳೆದಿದೆ ಎಂದು ಎಲ್ಲರಿಗೂ ಗೊತ್ತು. ಸಾಲಿನಲ್ಲಿ ನನ್ನ ಹಿಂದಿದ್ದ ಒಬ್ಬಳು, "ಒಂದ್ ಬ್ಯಾಟ್ರಿ ಸಲುವಾಗಿ ನಮ್ಮ ಮೈ ಮುಟ್ಟಾಕ ಹತ್ಯಾರ. ಕದ್ದಾಕಿ ಕೊಟ್ಟಬಿಡಬಾರದ?" ಎಂದಳು. ತಿರುಗಿ, "ನಾನ್ ಕದ್ದಿಲ್ಲ!" ಎಂದು ಕಿರುಚಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ನಾಯಂಡಹಳ್ಳಿಯಲ್ಲಿ ಎರಡು ಬಸ್ಸು ತಪ್ಪಿದವು. ತಪಾಸಣೆ ಮುಗಿಯುವ ಹೊತ್ತಿಗೆ ಆರೂಮುಕ್ಕಾಲು. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿರುವ ಹೆಂಗಸರು ಮೈಸೂರು ರಸ್ತೆಯಲ್ಲಿ ಓಡುತ್ತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು.

ಜುಲೈ 2, ಭಾನುವಾರ

ಸಿಕ್ಕಿತು.

ಬೆಳಿಗ್ಗೆಯಿಂದ ಮಾಡಲು ಕೆಲಸವಿಲ್ಲದೆ, ಕೋಪದಲ್ಲಿ ಆ ಕ್ಯಾಮೆರಾ ಪುಸ್ತಕವನ್ನು ಹರಿದುಹಾಕೋಣ ಎಂದು ತೆಗೆದೆ. ತೆಗೆದವಳು ಓದತೊಡಗಿದೆ. ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿದೆ. ತೆಗೆದ ಫೋಟೋಗಳಿಗೆ ಕ್ಯಾಮೆರಾ ಒಂದಾದ ಮೇಲೊಂದು ನಂಬರ್ ಕೊಡುತ್ತ ಹೋಗುತ್ತದೆ. ಫೋಟೋ ಅಳಿಸಿದರೂ ಆ ನಂಬರನ್ನು ಮತ್ತೆ ಬಳಸುವುದಿಲ್ಲ.

ನನ್ನ ನೋಟ್‌ಬುಕ್ ತೆಗೆದೆ. ಜೂನ್ 10, ಶನಿವಾರ, ಕೊನೆಯ ಫೋಟೋ 118. ಜೂನ್ 12, ಸೋಮವಾರ, ಮೊದಲ ಫೋಟೋ 181. ನಡುವಿನ ಅರವತ್ತೆರಡು ಫೋಟೋ ಯಾರು ತೆಗೆದರು? ಮುಂದಿನ ವಾರ ಶನಿವಾರ 266, ಸೋಮವಾರ 340. ಅದರ ಮುಂದಿನ ವಾರ 401, ಆಮೇಲೆ 455. ವಾರದ ನಡುವೆ ಒಂದು ನಂಬರೂ ತಪ್ಪಿಲ್ಲ. ಮೂರು ಭಾನುವಾರಗಳಲ್ಲೇ ಎಲ್ಲಾ ಮಾಯ.

ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೆ ಅದು ಇರುತ್ತಿದ್ದದ್ದು ವೆಂಕಟಗಿರಿಯ ಬೀರುವಿನಲ್ಲಿ. ಬೀರು ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತದೆಯೇ? ಪ್ರತಿ ಸೋಮವಾರ ಬ್ಯಾಟರಿ ಸತ್ತಿರುತ್ತಿದ್ದದ್ದು ಇದಕ್ಕೆ! ಹೆಂಡತಿ ಮಕ್ಕಳನ್ನು ಊರೆಲ್ಲ ಸುತ್ತಿಸಿ, ಫ್ಲ್ಯಾಶ್ ಹಾಕಿ, ಪರದೆ ಆರಿಸದೆ ಫೋಟೋ ತೆಗೆದು, ಅಳಿಸಿ, ಖಾಲಿ ಕ್ಯಾಮೆರಾ ತಂದು ನನ್ನ ಕೈಗಿಟ್ಟು, ಆಮೇಲೆ ಬೈಗುಳ. ಕಾಣೆಯಾದ ಬ್ಯಾಟರಿ, ಪೌಚ್ ಕೂಡ ಆ ಮನೆಯಲ್ಲೇ ಇರಬೇಕು.

ಎರಡು ಮುದ್ದೆ ಉಂಡೆ. ಅಮ್ಮ ಬಾಯಿ ತೆರೆದುಕೊಂಡು ನೋಡಿದಳು.

ಜುಲೈ 3, ಸೋಮವಾರ

ಹೇಳಿಕೊಳ್ಳಲು ಯಾರಿದ್ದಾರೆ ಎಂದು ನೋಡಿದರೆ ಯಾರೂ ಇಲ್ಲ. ಚೆಕಿಂಗಿನ ಉಳಿದ ಇಬ್ಬರು ನಾನು ಹತ್ತಿರ ಹೋದರೆ ಕೆಲಸ ನೆನಪು ಮಾಡಿಕೊಳ್ಳುತ್ತಾರೆ. ಕೊನೆಗೆ ನೀರಿನ ಡ್ರಮ್ಮಿನ ಹತ್ತಿರ ಭಾಗವ್ವ ಸಿಕ್ಕಿದರು. ನೋಟ್‌ಬುಕ್ ತೋರಿಸಿದೆ. ಓದಲು ಅಷ್ಟು ಬರುವುದಿಲ್ಲವಂತೆ, ಆದರೆ ಅಂಕಿ ಚೆನ್ನಾಗಿ ಬರುತ್ತದೆ. ಮೂರೂ ಸೋಮವಾರಗಳ ಮೇಲೆ ಬೆರಳಾಡಿಸಿ ನೋಡಿದರು.

"ಇದನ್ನ ನನಗ್ಯಾಕ ಹೇಳ್ತೀರಿ?"

"ಮತ್ಯಾರಿಗ್ ಹೇಳ್ಲಿ?"

"ಎಲ್ಲಾರ ಮುಂದ ಹೇಳ್ರಿ. ಬಾಗಲಾ ಹಾಕ್ಕೊಂಡು ಅವನ ಮುಂದ ಒಬ್ಬಾಕಿನ ಹೇಳಾಕ ಹೋಗಬ್ಯಾಡ್ರಿ. ಸಣ್ಣದು ಮಾಡಿ ಮುಚ್ಚಿಬಿಡ್ತಾನ."

ಬುದ್ಧಿ ಹೇಳಲು ಬಂದರು. ನನಗೆ ನನ್ನ ಹೆಸರು ಮೊದಲು.

ಜುಲೈ 4, ಮಂಗಳವಾರ

ಬಾಗಿಲು ಹಾಕಿಕೊಂಡೇ ಹೇಳಿದೆ.

"ಶನಿವಾರ 118 ಸಾರ್, ಸೋಮವಾರ 181. ಮಧ್ಯದ ಅರವತ್ತೆರಡು ಎಲ್ಲಿ ಹೋಯ್ತು?" ಎಂದು ಪುಸ್ತಕದ ಆ ಪುಟವನ್ನೂ ಮುಂದಿಟ್ಟೆ. ವೆಂಕಟಗಿರಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ನೀರು ಕುಡಿದರು.

"ಹೆಡ್ ಆಫೀಸಿಗೆ ಹೇಳಿದೀಯಾ?"

"ಇನ್ನೂ ಇಲ್ಲ."

ಮಧ್ಯಾಹ್ನ ಮನೆಗೆ ಹೋಗಿ ಬಂದರು. ಮೂರು ಗಂಟೆಗೆ ಕರೆಸಿದರು. ಟೇಬಲ್ಲಿನ ಮೇಲೆ ಕರಿ ಪೌಚ್, ಅದರೊಳಗೆ ಎರಡನೆಯ ಬ್ಯಾಟರಿ. "ಬೀರೂಲಿ ಫೈಲ್ ಹಿಂದೆ ಬಿದ್ದಿತ್ತು ಕಣಮ್ಮ, ನನಗೂ ಗೊತ್ತಾಗ್ಲಿಲ್ಲ" ಎಂದರು. ನನ್ನ ಮುಖ ನೋಡದೆ ಒಂದು ಟೈಪ್ ಮಾಡಿದ ಕಾಗದ ತಳ್ಳಿದರು. ಸಾಮಾನು ಬೀರುವಿನಲ್ಲೇ ಇತ್ತು, ಗಮನಕ್ಕೆ ಬಂದಿರಲಿಲ್ಲ, ಈಗ ಸಿಕ್ಕಿದೆ, ಯಾರ ಮೇಲೂ ದೂರಿಲ್ಲ. "ಇಲ್ಲಿಗ್ ಮುಗೀತು. ಸೂಪರ್‌ವೈಸರ್ ಲಿಸ್ಟಲ್ಲಿ ನಿನ್ ಹೆಸರೇ ಮೊದಲು ಹಾಕಿದೀನಿ."

ಸೈನ್ ಹಾಕಿದೆ.

ನನ್ನ ಮೇಲಿನ ಕಳಂಕ ಹೋಯಿತು. ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಕಾಲು ತುಳಿದ ಒಬ್ಬ ಮುದುಕನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ಜುಲೈ 5, ಬುಧವಾರ

ತಪಾಸಣೆ ನಿಂತಿಲ್ಲ. ಬ್ಯಾಟರಿ ಸಿಕ್ಕಿತಲ್ಲ, ಇನ್ಯಾಕೆ ಎಂದು ವೆಂಕಟಗಿರಿಯನ್ನು ಕೇಳಿದೆ. "ಅಭ್ಯಾಸ ಆಗ್ಲಿ ಬಿಡು. ಒಳ್ಳೇದೇ" ಎಂದರು.

ಸಂಜೆ ನನ್ನ ಸರದಿ ಬಂದಾಗ ಅಂಜಮ್ಮ ಪರದೆ ಎತ್ತಲಿಲ್ಲ. "ನೀವು ಹೋಗಿ ಮೇಡಂ, ನಿಮ್ದು ನೋಡ್ಬಾರ್ದು ಅಂತ ಹೇಳವ್ರೆ" ಎಂದು ಪಕ್ಕಕ್ಕೆ ಸರಿದಳು. ನಾನು ನೆಟ್ಟಗೆ ಆಚೆ ಬಂದೆ. ಹಿಂದೆ ಭಾಗವ್ವ ಪರದೆಯೊಳಗೆ ಹೋದರು. ಬಳೆ ಸದ್ದಾಯಿತು. ಟಿಫನ್ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದಾಯಿತು. ನಾನು ಯಾಕೆ ನಿಂತು ಕೇಳಿಸಿಕೊಂಡೆನೋ. ಬಸ್ಸು ಹೋಯಿತು.

ಜುಲೈ 7, ಶುಕ್ರವಾರ

ನಿನ್ನೆಯೂ ಹಾಗೇ ಆಚೆ ಬಿಟ್ಟರು. ಇವತ್ತು ಮೈಯೆಲ್ಲ ಉರಿಯಿತು. ಅಂಜಮ್ಮ "ಹೋಗಿ ಮೇಡಂ" ಅಂದಾಗ ಬ್ಯಾಗನ್ನು ಅವಳ ಟೇಬಲ್ಲಿನ ಮೇಲೆ ಇಟ್ಟು, "ನನ್ನೂ ನೋಡಿ" ಎಂದೆ.

"ಬ್ಯಾಡ ಮೇಡಂ, ನನ್ ಕೆಲ್ಸ ಹೋಯ್ತದೆ."

"ಹಾಗಾದ್ರೆ ಯಾರನ್ನೂ ನೋಡ್ಬೇಡಿ."

ಹಿಂದಿನವರು ತಳ್ಳಿಕೊಂಡು, "ಏನ್ರಿ ಅದು, ಬಸ್ ಹೋಗ್ತೈತಿ" ಎಂದು ಕೂಗಿದರು. ತಿರುಗಿ ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಹೊಟ್ಟೆಯಿಂದಲೇ ಬಂತು. "ಬ್ಯಾಟರಿ ಯಾರೂ ಕದ್ದಿಲ್ಲ! ಮ್ಯಾನೇಜರ್ ಮನೇಲಿತ್ತು. ಕ್ಯಾಮೆರಾನೂ ಭಾನುವಾರ ಅವರ ಮನೇಲೇ ಇರ್ತಿತ್ತು. ಬೀರೂಲಿ ಸಿಕ್ತು ಅಂತ ಬರೆದಿದ್ದಕ್ಕೆ ನಾನೇ ಸೈನ್ ಹಾಕಿದೀನಿ. ಅದು ಸುಳ್ಳು. ನನ್ನ ಹೆಸರು ಉಳಿಸ್ಕೊಳ್ಳೋಕೆ ಹಾಕಿದೆ. ನಿಮ್ಮನ್ನ ಮುಟ್ತಾ ಇರೋದು ಸುಮ್ನೆ. ಏನಕ್ಕೂ ಅಲ್ಲ, ಸುಮ್ನೆ!"

ಭಾಗವ್ವಕ್ಕ ಸಾಲಿನಿಂದ ಈಚೆ ಬಂದು, ಗೇಟಿನ ಮುಂದೆ ನೆಲದ ಮೇಲೆ ಕಾಲು ಮಡಚಿಕೊಂಡು ಕೂತರು. ಟಿಫನ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡರು. "ಆ ಪರದೆ ಅರಬಿ ಬಿಚ್ಚೂತನಕ ನಾ ಏಳಂಗಿಲ್ಲ" ಎಂದರು. ಪಕ್ಕದವಳು ಕೂತಳು. ಅವಳ ಪಕ್ಕದವಳು. ನೋಡನೋಡುತ್ತ ಮುನ್ನೂರು ಜನ ಕೂತಿದ್ದರು. ನಾನೂ ಕೂತೆ. ಸಿಮೆಂಟು ನೆಲ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.

ಲೋಡ್ ತುಂಬಿದ ಲಾರಿ ಒಳಗೇ ನಿಂತಿತು. ವೆಂಕಟಗಿರಿ ಬಂದು ಮೊದಲು ಕೂಗಾಡಿದರು, ಆಮೇಲೆ "ತಾಯಂದಿರೇ" ಎಂದರು. ಯಾರೂ ಏಳಲಿಲ್ಲ. ನಗಲೂ ಇಲ್ಲ. ಏಳು ಗಂಟೆಗೆ ಹೆಡ್ ಆಫೀಸಿನ ದೊಡ್ಡವರು ಕಾರಿನಲ್ಲಿ ಬಂದರು. ಗೇಟಿನಲ್ಲಿ ಕಾರು ನಿಲ್ಲಿಸಿಕೊಂಡೇ ಐದು ನಿಮಿಷ ನಮ್ಮನ್ನು ನೋಡಿ, ಪರದೆ ತೆಗೆಸಿ ಎಂದರು. ಬೆಡ್‌ಶೀಟನ್ನು ಅಂಜಮ್ಮ ತಾನೇ ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.

ದಾನಮ್ಮನ ಮಾತನ್ನೂ ಎತ್ತಿದೆವು. ಅದು ಬೇರೆ ವಿಷಯ, ಅದಕ್ಕೆ ಫೋಟೋ ಸಾಕ್ಷಿ ಇದೆ ಎಂದರು. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಜುಲೈ 11, ಮಂಗಳವಾರ

ನಿನ್ನೆಯಿಂದ ನಾನು ಮೂರನೇ ಲೈನಿನಲ್ಲಿ ಹೆಲ್ಪರ್. ಸುಳ್ಳು ಬರೆದುಕೊಟ್ಟವಳನ್ನು ಚೆಕಿಂಗಿನಲ್ಲಿ ಇಡಲಾಗುವುದಿಲ್ಲವಂತೆ. ಸುಳ್ಳನ್ನು ಟೈಪ್ ಮಾಡಿಸಿದವರು ಗಾಜಿನ ರೂಮಿನಲ್ಲೇ ಇದ್ದಾರೆ. ದಿನವೆಲ್ಲ ದಾರದ ತುದಿ ಕತ್ತರಿಸುವುದು, ಬಂಡಲ್ ಹೊರುವುದು. ಬೆರಳಿನ ಸಿಪ್ಪೆ ಎದ್ದಿದೆ. ನಮ್ಮ ಲೈನಿಗೆ ಕೊಟ್ಟಿರುವ ಟಾರ್ಗೆಟ್ ಮನುಷ್ಯರು ಮುಟ್ಟುವಂಥದ್ದಲ್ಲ. ಗಂಟೆಗೆ ಎಷ್ಟು ಕಾಲರ್ ಆಗುತ್ತದೆ ಎಂದು ಕೂತು ನೋಡಿದವರು ಯಾರೂ ಇಲ್ಲ, ಬೋರ್ಡಿನಲ್ಲಿ ಅಂಕಿ ಬರೆದು ಹೋಗುತ್ತಾರೆ. ಇವತ್ತು ಟೋಕನ್ನಿಗೆ ಒಂದೂವರೆ ಗಂಟೆ ಕಾದೆ. ನೀರು ಕುಡಿಯುವುದನ್ನೇ ಬಿಟ್ಟರೆ ಒಳ್ಳೆಯದು ಎಂದು ಭಾಗವ್ವಕ್ಕ ಹೇಳಿದರು. ಎಲ್ಲರೂ ಹಾಗೇ ಮಾಡುತ್ತಾರಂತೆ.

ಉರಿಮೂತ್ರ ಬರದೆ ಇನ್ನೇನು ಬರುತ್ತದೆ?

ಜುಲೈ 16, ಭಾನುವಾರ

ಭಾಗವ್ವಕ್ಕನಿಂದ ವಿಳಾಸ ತೆಗೆದುಕೊಂಡು ದಾನಮ್ಮನ ಮನೆಗೆ ಹೋಗಿದ್ದೆ. ಮಲ್ಲತ್ತಹಳ್ಳಿ ಕೆರೆಯ ಹಿಂದೆ ಶೀಟಿನ ಸಾಲುಮನೆ. ಬಾಗಿಲಲ್ಲೇ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನನ್ನು ನೋಡಿ ಜರಡಿ ನಿಲ್ಲಿಸಲಿಲ್ಲ.

"ಫೋಟೋ ತಗ್ಯಾಕ ಬಂದೀರೇನ್ರಿ?"

ತಪ್ಪಾಯಿತು ಎಂದೆ. ಬಸ್ಸಿನಲ್ಲಿ ದೊಡ್ಡದಾಗಿ ಏನೇನೋ ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ಅಷ್ಟೇ.

"ಬೋರ್ಡಿಗೆ ಹಚ್ಚಿದ್ದ ಫೋಟೋ ನನ್ನ ಗಂಡನ ತಮ್ಮ ನೋಡ್ಯಾನ. ಲೋಡಿಂಗ್‌ನ್ಯಾಗ ಅದಾನ ಅಂವಾ. ಕೆಲಸಾ ಬಿಟ್ಟು ಗ್ವಾಡಿಗೆ ನಿಂತಾಳ ಅಂತ ಊರಿಗೆಲ್ಲಾ ಫೋನ್ ಹಚ್ಚಿ ಹೇಳ್ಯಾನ. ನಮ್ಮವ್ವಗ ಸೈತ ಗೊತ್ತಾತು. ನಿಮ್ಮ ತಪ್ಪಾತು ತಗೊಂಡು ನಾ ಏನ ಮಾಡ್ಲಿ?"

ಸಿಟ್ಟು ಬಂತು, ಆದರೆ ಅವಳ ಮೇಲಲ್ಲ. ಹೊರಟು ಬರುವವಳಿದ್ದೆ. ಆಗ ಅವಳೇ, "ಕಾರ್ಮಿಕರ ಆಫೀಸಿನ್ಯಾಗ ಅರ್ಜಿ ಕೊಟ್ಟೀನಿ. ನಾಕನೇ ತಾರೀಖಿಗೆ ಕರದಾರ. ಕಂಪನಿಯವ್ರು ಫೋಟೋ ತೋರಸ್ತಾರ. ನನ್ನ ಕಡೆ ತೋರಸಾಕ ಏನೂ ಇಲ್ಲ" ಎಂದಳು.

"ನಾನ್ ಬರ್ತೀನಿ."

"ನಿಮ್ಮ ಕೆಲಸ ಹೋಗತೈತಿ."

"ಹೋಗ್ಲಿ."

ಜರಡಿ ನಿಂತಿತು. "ಚಾ ಕುಡೀರಿ" ಎಂದು ಎದ್ದಳು. ಹಾಲಿರಲಿಲ್ಲ. ಕರಿ ಚಹಾ. ನಾನು ಕುಡಿಯುವಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದಳು. ಇರಲಿ. ನಾನಾಗಿದ್ದರೆ ಬಾಗಿಲೇ ತೆಗೆಯುತ್ತಿರಲಿಲ್ಲ.

ಆಗಸ್ಟ್ 4, ಶುಕ್ರವಾರ

ಕಾರ್ಮಿಕರ ಆಫೀಸಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಎಂದು ಕರೆದು ಒಂದೂವರೆಗೆ ಒಳಗೆ ಬಿಟ್ಟರು. ಅರ್ಧ ದಿನದ ರಜೆ ಕೇಳಿದ್ದೆ, ಪೂರ್ತಿ ದಿನ ಹೋಯಿತು. ಭಾಗವ್ವಕ್ಕನೂ ಲೈನಿನ ಇನ್ನೂ ನಾಲ್ವರೂ ಬಂದಿದ್ದರು.

ಕಂಪನಿ ಕಡೆಯಿಂದ ವೆಂಕಟಗಿರಿ ಮತ್ತು ಒಬ್ಬ ವಕೀಲರು. ಮೂರು ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಹದಿನಾರು ನಿಮಿಷ ಗೈರುಹಾಜರಿ ಎಂದು ವಕೀಲರು ಹೇಳಿದರು. ಅಧಿಕಾರಿ ಫೋಟೋ ನೋಡಿದರು. ನಾನು ಕೇಳದೆಯೇ ಎದ್ದು ನಿಂತೆ.

"ಆ ಫೋಟೋ ತೆಗ್ದಿದ್ದು ನಾನೇ ಸಾರ್. 371, 372, 373. ಎದ್ದು ಹೋದೋರ್ದು ತೆಗಿ ಅಂತ ಮ್ಯಾನೇಜರ್ ಹೇಳಿದ್ರು. ಯಾಕ್ ಎದ್ದು ಹೋದ್ರು ಅಂತ ಬರ್ಕೊ ಅಂತ ಹೇಳ್ಲಿಲ್ಲ. ಆ ಲೈನಲ್ಲಿ ಅರವತ್ತು ಜನಕ್ಕೆ ಒಂದೇ ಟೋಕನ್. ಇವರಿಗೆ ಹುಷಾರಿರಲಿಲ್ಲ. 372ರಲ್ಲಿ ನೋಡಿ, ಗೋಡೆ ಹಿಡ್ಕೊಂಡಿದಾರೆ. ನಿಲ್ಲೋಕಾಗ್ದೆ ಹಿಡ್ಕೊಂಡಿದಾರೆ. ನಾನು ಜೂಮ್ ಮಾಡಿದ್ದೆ, ಮುಖ ಕಾಣ್ತಿತ್ತು. ಕಂಡರೂ ತೆಗ್ದೆ."

ವಕೀಲರು, "ಈ ಹುಡುಗಿ ಆಗ ಕಂಪನಿಯ ಸ್ಟಾಫು" ಎಂದರು. ಅಧಿಕಾರಿ ಪೆನ್ನು ಎತ್ತಿ ನನ್ನನ್ನು ಕೇಳಿದರು, "ನೀವು ಯಾವ ಕಡ್ಯೋರಮ್ಮ? ಆ ಕಡೆನಾ, ಈ ಕಡೆನಾ?"

"ನಾವು ಮೂರನೇ ಲೈನೋರು ಸಾರ್" ಎಂದೆ.

ಬರೆದುಕೊಂಡರು. ಅಲ್ಲಿನ ಟೈಪಿಸ್ಟು ನನ್ನ ಹೆಸರನ್ನು ಬಿಂದುಸ್ತ್ರೀ ಎಂದು ಹೊಡೆದಿದ್ದ! ಎರಡು ಸಲ ತಿದ್ದಿಸಿದೆ.

ವಕೀಲರು ಒಂದು ಗಂಟೆ ಒಳಗೆ ಹೊರಗೆ ಓಡಾಡಿದ ಮೇಲೆ ದಾನಮ್ಮನನ್ನು ಸೋಮವಾರದಿಂದ ವಾಪಸ್ಸು ತೆಗೆದುಕೊಳ್ಳುವುದಾಗಿ ಬರೆದು ವೆಂಕಟಗಿರಿ ಸಹಿ ಹಾಕಿದರು. ಟೋಕನ್ ವಿಷಯ ಪರಿಶೀಲಿಸುತ್ತಾರಂತೆ. ಪರಿಶೀಲಿಸಲಿ, ನಾವೂ ಪರಿಶೀಲಿಸುತ್ತೇವೆ. ಅಧಿಕಾರಿಯ ಎದುರಿಗೆ ತಲೆ ಬಗ್ಗಿಸಿದ್ದ ಮನುಷ್ಯ ಮೆಟ್ಟಿಲಿಳಿಯುವಾಗ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗದೇ ಇಲ್ಲ. ನೋಡಿಕೊಳ್ಳಲಿ.

ಆಚೆ ಬಂದು ದಾನಮ್ಮ, "ನಿಮಗ ಥ್ಯಾಂಕ್ಸ್ ಅನ್ನಂಗಿಲ್ಲ ನಾ" ಎಂದಳು. "ನಾನೇನ್ ಕೇಳಿದ್ನಾ?" ಎಂದೆ.

ರಿಂಗ್ ರೋಡಿನ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ದಾನಮ್ಮನೊಬ್ಬಳಿಗೆ ಸೀಟು ಸಿಕ್ಕಿತು. ನಾನು ಕಂಬಿ ಹಿಡಿದು ಜೋತಾಡುತ್ತಿದ್ದೆ. ಕಿಟಕಿ ಕಡೆಯೇ ನೋಡುತ್ತಿದ್ದವಳು ಕೈ ಚಾಚಿ, "ಬ್ಯಾಗ್ ಕೊಡ್ರಿ ಇತ್ತ" ಎಂದು ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಮಲ್ಲತ್ತಹಳ್ಳಿ ಕ್ರಾಸಿನಲ್ಲಿ ಏಳುವಾಗ ಬೇರೆ ಯಾರೂ ಕೂರದಂತೆ ಬ್ಯಾಗನ್ನು ಸೀಟಿನ ಮೇಲಿಟ್ಟು ಇಳಿದುಹೋದಳು. ತಿರುಗಿ ನೋಡಲಿಲ್ಲ.

ಸೋಮವಾರ ಎಂಟೂಕಾಲಿಗೇ ನಾವೆಲ್ಲ ಗೇಟಿನಲ್ಲಿರಬೇಕು. ಅವಳು ಒಬ್ಬಳೇ ಒಳಗೆ ಹೋಗುವ ಹಾಗಾಗಬಾರದು.